ಮೊದಲ ಚುಕ್ಕೆ ಹೊಲದಲ್ಲಿ, ಎರಡನೆಯದು ಸೀಟಿನಲ್ಲಿ

ತುಮಕೂರಿನಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಸೆಲ್ಫ್ ಮೋಟಾರ್, ಡೈನಮೋ ರಿಪೇರಿಯಿಂದ ಶುರುವಾಗಿದ್ದು. ಈಗ ಅರ್ಧ ಕೆಲಸ ಜಿಪಿಎಸ್ ಕೂರಿಸುವುದೇ ಆಗಿದೆ. ಗಾಡಿ ಕಳುವಾದರೆ ಮಾಲೀಕರು ಪೊಲೀಸರಿಗಿಂತ ಮುಂಚೆ ನನಗೆ ಫೋನ್ ಮಾಡುತ್ತಾರೆ. "ಅಣ್ಣಾ, ಮ್ಯಾಪ್‌ನಲ್ಲಿ ಕಾಣ್ತಾ ಇದೆ, ಬನ್ನಿ ಹೋಗಿ ತರೋಣ" ಅಂತ. ಅಷ್ಟು ಸಲೀಸಾಗಿದ್ದರೆ ನನಗೂ ನಿದ್ದೆ ಉಳಿಯುತ್ತಿತ್ತು.

ಒಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಕಥೆ ಹೇಳುತ್ತೇನೆ. ಮದುವೆ, ಧರ್ಮಸ್ಥಳ ಅಂತ ಬಾಡಿಗೆ ಹೊಡೆಯುತ್ತಿದ್ದ ಗಾಡಿ. ರಾತ್ರಿ ಮನೆ ಮುಂದೆ ನಿಲ್ಲಿಸಿದ್ದು, ಬೆಳಿಗ್ಗೆ ಐದಕ್ಕೆ ನೋಡಿದರೆ ಜಾಗ ಖಾಲಿ. ಅದರಲ್ಲಿ ಎರಡು ಜಿಪಿಎಸ್ ಡಿವೈಸ್ ಇದ್ದವು. ಮೊದಲನೆಯದು ಸರ್ಕಾರ ಕಡ್ಡಾಯ ಮಾಡಿದ ಮಾದರಿಯದು, ಎಐಎಸ್ 140 ಅಂತಾರೆ. ಹಳದಿ ಬೋರ್ಡಿನ ಹೊಸ ಟ್ಯಾಕ್ಸಿ, ಬಸ್ಸುಗಳಿಗೆ 2019ರ ಜನವರಿಯಿಂದ ಅದು ಬೇಕೇ ಬೇಕು. ಎರಡನೆಯದು ಮಾಲೀಕ ಕೇಳಿದ್ದಕ್ಕೆ ನಾನೇ ಹಿಂದಿನ ಸೀಟಿನ ಸ್ಪಂಜಿನೊಳಗೆ ಹುದುಗಿಸಿದ್ದ ಬ್ಯಾಟರಿಯ ಪುಟ್ಟ ಡಬ್ಬಿ. ಡ್ರೈವರ್‌ಗೂ ಗೊತ್ತಿರಲಿಲ್ಲ. ಬ್ಯಾಟರಿ ಉಳಿಯಲಿ ಅಂತ ಇಪ್ಪತ್ನಾಲ್ಕು ಗಂಟೆಗೊಮ್ಮೆ ಮಾತ್ರ ಎದ್ದು ಜಾಗ ತಿಳಿಸುವ ಹಾಗೆ ಇಟ್ಟಿದ್ದೆ.

ಮಾಲೀಕನಿಗೆ ಮೊದಲು ಹೇಳಿದ್ದು, 112ಕ್ಕೆ ಫೋನ್ ಮಾಡು, ಆರ್‌ಸಿ ಜೆರಾಕ್ಸ್ ಹಿಡಿದು ಠಾಣೆಗೆ ನಡಿ. ದೂರಿನಲ್ಲಿ ಚಾಸಿಸ್ ನಂಬರ್, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ನಂಬರ್ ಬರೆಸು. ನಂಬರ್ ಪ್ಲೇಟ್ ಅಷ್ಟು ಹೊತ್ತಿಗೆ ಎಲ್ಲಿರುತ್ತೋ ಯಾರಿಗೆ ಗೊತ್ತು.

ಆ್ಯಪ್‌ನಲ್ಲಿ ಮೊದಲ ಡಿವೈಸ್ ಹಿರಿಯೂರು ದಾರಿಯಲ್ಲಿ ಹೆದ್ದಾರಿ ಪಕ್ಕ ನಿಂತಿತ್ತು. ಎಲ್ಲರಿಗೂ ಖುಷಿ. ನಾನು ಚುಕ್ಕೆ ನೋಡುವುದಿಲ್ಲ, ಕೆಳಗಿನ ಸಾಲು ನೋಡುತ್ತೇನೆ. ಗಾಡಿಯ ಬ್ಯಾಟರಿಯಿಂದ ಕರೆಂಟ್ ಕಟ್ ಆಗಿದೆ ಅಂತ ಇತ್ತು. ಒಳಗಿನ ಬ್ಯಾಟರಿ ನಾಲ್ಕು ಗಂಟೆಯಾದರೂ ಎಳೆಯುತ್ತೆ, ಅದರಲ್ಲೇ ಉಸಿರಾಡ್ತಾ ಇತ್ತು. ಹೋಗಿ ನೋಡಿದರೆ ಜೋಳದ ಹೊಲದ ಬದುವಿನಲ್ಲಿ ಡಿವೈಸ್ ಬಿದ್ದಿತ್ತು, ವೈರ್ ಕತ್ತರಿಸಿ ಎಸೆದಿದ್ದರು. ಅದನ್ನು ಎಲ್ಲಿ ಕೂರಿಸುತ್ತಾರೆ ಅಂತ ಕಳ್ಳರಿಗೂ ಗೊತ್ತು.

ಇನ್ನು ಸೀಟಿನ ಡಬ್ಬಿ ಏಳುವ ಸಂಜೆ ಆರರವರೆಗೆ ಕಾಯಬೇಕು. ಆ ಹೊತ್ತಿನಲ್ಲೇ ನನ್ನಿಂದ ಒಂದು ಎಡವಟ್ಟಾಯಿತು. ಕ್ರೈಂ ಎಎಸ್‌ಐ ಒಬ್ಬರು, ರಿಟೈರ್‌ಮೆಂಟ್ ಹತ್ತಿರ ಇದ್ದವರು, ರಾತ್ರಿಯ ಪೂರ್ತಿ ವರದಿ ಕೇಳಿದರು. ಸರ್ವರ್‌ನಿಂದ ಬಂದ ಹಾಗೇ ಅವರ ವಾಟ್ಸಾಪ್‌ಗೆ ಕಳಿಸಿಬಿಟ್ಟೆ. ಶಿರಾ ಹತ್ತಿರದ ಟೋಲ್ ದಾಟಿದ್ದು 21:12 ಅಂತ ಅದರಲ್ಲಿತ್ತು. ಅವರು ರಾತ್ರಿ ಒಂಬತ್ತರ ಸಿಸಿಟಿವಿ ತೆಗೆಸಿ ನೋಡಿದರು. ಗಾಡಿಯೇ ಇಲ್ಲ. ಮಾಲೀಕ ಹತ್ತೂವರೆಗೆ ನಾನೇ ಲಾಕ್ ಮಾಡಿ ಮಲಗಿದೆ ಅನ್ನುತ್ತಿದ್ದಾನೆ. ಎಎಸ್‌ಐ ಅವನನ್ನೇ ಪಕ್ಕಕ್ಕೆ ಕರೆದು, "ಏನಪ್ಪಾ, ಲೋನ್ ಎಷ್ಟು ಕಂತು ಬಾಕಿ ಇದೆ? ಇನ್ಶೂರೆನ್ಸ್ ನಾಟಕ ಅಲ್ಲ ತಾನೇ?" ಅಂದರು. ಹುಡುಗ ಬೆವೆತುಹೋದ.

ನನಗೆ ಆಮೇಲೆ ಹೊಳೆಯಿತು. ಡಿವೈಸ್ ಬರೆದುಕೊಳ್ಳುವುದು ಗ್ರೀನಿಚ್ ಸಮಯ. ನಮ್ಮದು ಐದೂವರೆ ಗಂಟೆ ಮುಂದೆ. 21:12 ಅಂದರೆ ನಮ್ಮಲ್ಲಿ ಬೆಳಗಿನ ಜಾವ 2:42. ಆ್ಯಪ್ ಅದನ್ನು ತಾನೇ ಬದಲಿಸಿ ತೋರಿಸುತ್ತೆ, ಕಚ್ಚಾ ವರದಿ ಬದಲಿಸಲ್ಲ. ಎಎಸ್‌ಐ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆಯಾಯಿತು. 2:42ರ ವಿಡಿಯೋದಲ್ಲಿ ಟಿಟಿ ಇತ್ತು, ಮಂಕಿ ಕ್ಯಾಪ್ ಹಾಕಿದ ಡ್ರೈವರ್ ಕೂಡ.

ಸರಿಯಾಗಿ ಆರಕ್ಕೆ ಸೀಟಿನ ಡಬ್ಬಿ ಎದ್ದಿತು. ಎರಡು ನಿಮಿಷಕ್ಕೊಮ್ಮೆ ಕಳಿಸು ಅಂತ ಎಸ್‌ಎಂಎಸ್ ಹಾಕಿಟ್ಟಿದ್ದೆ, ಅದನ್ನೂ ತೆಗೆದುಕೊಂಡಿತು. ಹನ್ನೊಂದು ಉಪಗ್ರಹ ಕಾಣುತ್ತಿದ್ದವು. ತಗಡಿನ ಶೆಡ್ ಒಳಗಿದ್ದರೆ ಇಷ್ಟೊಂದು ಕಾಣುತ್ತಿರಲಿಲ್ಲ. "ಬಯಲಲ್ಲೇ ನಿಂತಿದೆ ಸಾರ್" ಅಂತ ಜಂಬದಿಂದ ಹೇಳಿದೆ.

ಅಲ್ಲಿನ ಠಾಣೆಯವರನ್ನೂ ಕರೆದುಕೊಂಡು ಹೋದೆವು. ಗುಜರಿ ಅಂಗಡಿ. ಬಯಲಲ್ಲಿ ನಿಂತಿದ್ದು ಗಾಡಿ ಅಲ್ಲ. ಒಂದರ ಮೇಲೊಂದು ಪೇರಿಸಿದ ಸೀಟುಗಳು! ಮೆರೂನ್ ಕವರ್ ನೋಡಿ ಮಾಲೀಕ, "ಅಣ್ಣಾ, ನಮ್ಮವೇ" ಅಂದ. ಮುಂದೆ ನಾನು ಏನೂ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಎಎಸ್‌ಐ ಮಾತ್ರ ಜೀಪನ್ನು ದೂರ ನಿಲ್ಲಿಸಲು ಹೇಳಿ, ಖಾಕಿ ತೆಗೆದು ಬನಿಯನ್ ಮೇಲೆ ಟವೆಲ್ ಹೊದ್ದು ಒಳಗೆ ಹೋದರು. ಸೀಟಿಗೆ ಹದಿನೈದು ನಿಮಿಷ ಚೌಕಾಸಿ ಮಾಡಿದರಂತೆ. ಆಮೇಲೆ "ಸೈಡ್ ಡೋರೂ ಬೇಕಿತ್ತಲ್ಲಪ್ಪಾ" ಅಂದಿದ್ದಾರೆ. ಅಂಗಡಿಯವನು ತಾನೇ ಮುಂದೆ ನಡೆದು, ಇನ್ನೂರು ಹೆಜ್ಜೆ ಆಚೆ ಇದ್ದ ತಗಡಿನ ಶೆಡ್ ಬಾಗಿಲು ತೆರೆದ. ಪ್ಲೇಟ್ ಇಲ್ಲದ ಗಾಡಿ. ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ದೂರಿನಲ್ಲಿದ್ದ ನಂಬರೇ ಮೂಡಿತು. ಪಂಚನಾಮೆ ಮುಗಿಯುವಾಗ ರಾತ್ರಿ ಹನ್ನೊಂದು.

ತುಂಬಾ ಜನ ಕೇಳುತ್ತಾರೆ, ಫೋನ್‌ನಿಂದಲೇ ಎಂಜಿನ್ ಆಫ್ ಮಾಡುವ ರಿಲೇ ಸ್ವಿಚ್ ಹಾಕಿಸಿದ್ದರೆ ಆಗುತ್ತಿರಲಿಲ್ವಾ ಅಂತ. ಹಾಕಿಸಿ, ಆದರೆ ಓಡುವ ಗಾಡಿಯಲ್ಲಿ ಒತ್ತಬೇಡಿ. ಸ್ಟೀರಿಂಗ್, ಬ್ರೇಕ್ ಎರಡೂ ಕಲ್ಲಾಗುತ್ತವೆ, ಹಿಂದೆ ಬರುವ ಲಾರಿಯವನು ಏನು ಪಾಪ ಮಾಡಿದ್ದಾನೆ? ನಿಂತ ಮೇಲೆ, ಅದೂ ಪೊಲೀಸರು ಹೇಳಿದಾಗ ಸಾಕು.

ಸಿಕ್ಕ ಗಾಡಿ ಅವತ್ತೇ ಮನೆಗೆ ಬರಲಿಲ್ಲ. ಕೋರ್ಟ್‌ಗೆ ಅರ್ಜಿ ಹಾಕಿ, ಫೋಟೋ ತೆಗೆಸಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಗಾಡಿಗಳನ್ನು ಠಾಣೆ ಅಂಗಳದಲ್ಲಿ ಕೊಳೆಯಲು ಬಿಡಬೇಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ವಕೀಲರು ಅದನ್ನೇ ಹಿಡಿದು ಕೇಳಿದರು.

ಲೊಕೇಶನ್ ವರದಿಯನ್ನು ಸಾಕ್ಷಿಯಾಗಿ ಕೊಡಲು ಪ್ರಮಾಣಪತ್ರವೂ ಬೇಕು. ಹಿಂದೆ 65ಬಿ ಅನ್ನುತ್ತಿದ್ದರು, ಹೊಸ ಸಾಕ್ಷ್ಯ ಕಾನೂನಿನಲ್ಲಿ ಅದು 63ನೇ ಸೆಕ್ಷನ್. ಈ ಸಲ ವರದಿಯ ಪ್ರತಿ ಹಾಳೆಯ ಮೇಲೂ "ಸಮಯಕ್ಕೆ 5:30 ಸೇರಿಸಿ ಓದಿ" ಅಂತ ಕೆಂಪು ಪೆನ್ನಿನಲ್ಲಿ ಬರೆದು ಎಎಸ್‌ಐಗೆ ಕೊಟ್ಟೆ. ಅವರು ನೋಡಿ ನಕ್ಕು, "ಡಬ್ಬೀನ ಇನ್ನು ಮೇಲೆ ಸೀಟಲ್ಲಿ ಇಡಬೇಡ ಅಂತಾನೂ ಒಂದು ಸಾಲು ಬರೆದುಕೋ" ಅಂದರು.