ಪ್ರೋಗ್ರಾಮರ್ ಸಮುದಾಯಕ್ಕೆ ಹೊಸ ಸೌಲಭ್ಯ ಸೂಚಿಸುವಾಗ ಮೊದಲು ತೊಡಕನ್ನು ಬರೆಯಿರಿ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಮೆಕ್ಕೆಜೋಳದ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಹನ್ನೊಂದು ವರ್ಷಗಳಿಂದ ಇದೇ ಕೆಲಸ. ‘ಇದೊಂದು ಸೌಲಭ್ಯ ಸೇರಿಸಿ’ ಎಂಬ ಮಾತನ್ನು ನಾನು ಎರಡೂ ಕಡೆಯಿಂದ ಬಲ್ಲೆ. ಅಂಗಡಿಯವರಿಂದ ವಾರವಿಡೀ ಅದನ್ನು ಕೇಳಿಸಿಕೊಳ್ಳುತ್ತೇನೆ. ಪ್ರೋಗ್ರಾಮರ್‌ಗಳ ಆನ್‌ಲೈನ್ ಸಮುದಾಯಗಳಿಗೆ ನಾನೇ ಅದನ್ನು ಹೇಳುತ್ತೇನೆ. ಶನಿವಾರ ಸಂಜೆ ಪಿ.ಜೆ. ಬಡಾವಣೆಯ ನಮ್ಮ ಮಹಡಿ ಕೋಣೆಯಲ್ಲಿ ಎಂಟು ಮಂದಿ ಎಂಜಿನಿಯರಿಂಗ್, ಡಿಪ್ಲೊಮಾ ವಿದ್ಯಾರ್ಥಿಗಳು ಸೇರುತ್ತಾರೆ. ಅವರಿಗೆ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೇಳಿಸಿಕೊಳ್ಳುವ ಕಡೆಯಿಂದಲೇ ಶುರು ಮಾಡುತ್ತೇನೆ. ಒಬ್ಬ ಹಿರಿಯ ಸಾಹುಕಾರರು ಫೋನ್ ಮಾಡಿ, ‘ಚೀಟಿ ಅಳಿಸುವುದಕ್ಕೆ ಒಂದು ಬಟನ್ ಹಾಕಿಕೊಡಮ್ಮ’ ಎಂದರು. ಅರ್ಧ ದಿನದ ಕೆಲಸ, ಮಾಡಿಕೊಡಬಹುದಿತ್ತು. ಆದರೆ ಯಾಕೆ ಬೇಕು ಎಂದು ನೋಡಲು ಒಂದು ಮಧ್ಯಾಹ್ನ ಅವರ ಅಂಗಡಿಯಲ್ಲಿ ಕುಳಿತೆ. ತೂಕವಾದ ಕೂಡಲೇ ಗುಮಾಸ್ತರು ಚೀಟಿ ಮಾಡುತ್ತಿದ್ದರು. ದರ ತೀರ್ಮಾನವಾಗುತ್ತಿದ್ದುದು ಆಮೇಲೆ. ದರದ ಜಾಗ ತುಂಬದೆ ಚೀಟಿ ಉಳಿಯುತ್ತಿರಲಿಲ್ಲವಾದ್ದರಿಂದ ಯಾವುದೋ ಒಂದು ಅಂಕಿ ಬರೆದು, ಸಂಜೆ ಅದನ್ನು ಅಳಿಸಿ ಹೊಸದು ಮಾಡಬೇಕೆಂದುಕೊಂಡಿದ್ದರು. ಅವರಿಗೆ ಬೇಕಾಗಿದ್ದುದು ದರ ಖಾಲಿ ಬಿಟ್ಟು ಚೀಟಿ ಉಳಿಸುವ ಅವಕಾಶ, ಅಷ್ಟೇ. ಅಳಿಸುವ ಬಟನ್ ಕೊಟ್ಟಿದ್ದರೆ ಎಂದಾದರೂ ಒಂದು ದಿನ ರೈತನ ತೂಕದ ದಾಖಲೆಯೇ ಕಾಣೆಯಾಗುತ್ತಿತ್ತು.

ನಾನು ಅಂಗಡಿಗೆ ಹೋಗಿ ಕೂರಬಲ್ಲೆ. ಸಮುದಾಯದ ತಾಣ ನಡೆಸುವವರು ಎಲ್ಲೋ ದೂರದಲ್ಲಿರುತ್ತಾರೆ. ನಿಮ್ಮ ಪಕ್ಕದಲ್ಲಿ ಬಂದು ಕೂರಲಾರರು. ನೀವು ಬರೆಯುವ ಸಲಹೆಯೇ ಅವರನ್ನು ನಿಮ್ಮ ಪಕ್ಕದಲ್ಲಿ ಕೂರಿಸಬೇಕು. ‘ಈ ಬಟನ್ ಬೇಕು’ ಎಂದು ಬರೆದರೆ ಅವರಿಗೆ ಬಟನ್ ಮಾತ್ರ ಕಾಣುತ್ತದೆ. ‘ಈ ಕೆಲಸ ಮಾಡಲು ಹೋದೆ, ಇಲ್ಲಿ ನಿಂತೆ’ ಎಂದು ಬರೆದರೆ ತೊಡಕು ಕಾಣುತ್ತದೆ. ತೊಡಕು ಕಂಡವರು ನಿಮಗೆ ಹೊಳೆಯದ ದಾರಿಯನ್ನೂ ಹುಡುಕಬಲ್ಲರು.

ಬರೆಯುವ ಮೊದಲು ಎಲ್ಲಿ ಬರೆಯಬೇಕೆಂದು ತಿಳಿದುಕೊಳ್ಳಿ. ಸ್ಟಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ 2008ರಲ್ಲಿ ಆರಂಭವಾಯಿತು. ತಾಣದ ಬಗ್ಗೆಯೇ ಮಾತನಾಡಲು ಮರುವರ್ಷ ‘ಮೆಟಾ’ ಎಂಬ ಪ್ರತ್ಯೇಕ ಜಾಗ ಬಂತು. ಕೋಡ್‌ನ ಪ್ರಶ್ನೆಗಳ ನಡುವೆ ತಾಣದ ಕುರಿತ ಸಲಹೆ ಹಾಕಿದರೆ ಅದು ಮುಚ್ಚಿಹೋಗುತ್ತದೆ. ಮೆಟಾದಲ್ಲಿ ‘ಫೀಚರ್ ರಿಕ್ವೆಸ್ಟ್’ ಎಂಬ ಟ್ಯಾಗ್ ಹಚ್ಚಬೇಕು. ಅಲ್ಲಿ ಬರೆಯಲು ಮುಖ್ಯ ತಾಣದಲ್ಲಿ ಕನಿಷ್ಠ 5 ಅಂಕ ಗಳಿಸಿರಬೇಕು. ಹೊಸಬರನ್ನು ಎದೆಗುಂದಿಸುವ ಇನ್ನೊಂದು ವ್ಯತ್ಯಾಸವೂ ಇದೆ. ಮುಖ್ಯ ತಾಣದಲ್ಲಿ ಕೆಳಮತ (ವಿರುದ್ಧವಾಗಿ ಹಾಕುವ ಮತ, ಡೌನ್‌ವೋಟ್) ಎಂದರೆ ಬರಹ ಚೆನ್ನಾಗಿಲ್ಲವೆಂದು ಅರ್ಥ. ಮೆಟಾದ ಸಲಹೆಗಳಿಗೆ ಬೀಳುವ ಕೆಳಮತಕ್ಕೆ ಬಹಳ ಸಲ ‘ನನಗೆ ಈ ಬದಲಾವಣೆ ಬೇಡ’ ಎಂದಷ್ಟೇ ಅರ್ಥ. ನಮ್ಮ ಕೋಣೆಯ ಒಬ್ಬ ಹುಡುಗ ಇದು ತಿಳಿಯದೆ, ತನ್ನ ಮೊದಲ ಸಲಹೆಗೆ ಬಿದ್ದ ನಾಲ್ಕು ಕೆಳಮತ ನೋಡಿ ತಿಂಗಳುಗಟ್ಟಲೆ ಆ ಕಡೆಗೇ ಹೋಗಲಿಲ್ಲ.

ಆಮೇಲೆ ಹಳೆಯ ಸಲಹೆಗಳನ್ನು ಓದಿ, ಅದರಲ್ಲೂ ತಿರಸ್ಕೃತವಾದವನ್ನು. ಮೆಟಾದಲ್ಲಿ ‘ಪೂರ್ಣಗೊಂಡಿದೆ’, ‘ನಿರಾಕರಿಸಲಾಗಿದೆ’, ‘ಉದ್ದೇಶಪೂರ್ವಕವಾಗಿಯೇ ಹೀಗಿದೆ’ ಎಂಬ ಅರ್ಥದ ಸ್ಥಿತಿಯ ಟ್ಯಾಗ್‌ಗಳಿವೆ. ನಿರಾಕರಿಸಿದ ಸಲಹೆಯ ಕೆಳಗೆ ಕಾರಣವಿರುತ್ತದೆ. ನಿಮ್ಮ ಸಲಹೆ ಅದೇ ಆಗಿದ್ದರೆ ಆ ಕಾರಣಕ್ಕೆ ನಿಮ್ಮಲ್ಲಿ ಉತ್ತರವಿದೆಯೇ ಎಂದು ಕೇಳಿಕೊಳ್ಳಿ. ಪೈಥಾನ್ ಭಾಷೆಯವರ ಪದ್ಧತಿಯನ್ನು ನಾನು ತುಂಬ ಮೆಚ್ಚುತ್ತೇನೆ. ಅಲ್ಲಿ ದೊಡ್ಡ ಬದಲಾವಣೆ ಸೂಚಿಸುವವರು 2000ದಿಂದಲೂ ‘ಪೆಪ್’ ಎಂಬ ಬರಹ ಸಿದ್ಧಪಡಿಸುತ್ತಾರೆ. ಏಕೆ ಬೇಕು ಎಂಬುದರ ಜೊತೆಗೆ, ಹಳೆಯ ಕೋಡ್‌ಗೆ ಧಕ್ಕೆಯಾಗುತ್ತದೆಯೇ, ಯಾವ ಬೇರೆ ದಾರಿಗಳನ್ನು ಯೋಚಿಸಿ ಕೈಬಿಟ್ಟೆವು ಎಂಬುದಕ್ಕೂ ಅದರಲ್ಲಿ ಜಾಗವಿದೆ. ಸಣ್ಣ ಸಲಹೆಗೆ ಅಷ್ಟು ಉದ್ದ ಬೇಕಿಲ್ಲ, ಆದರೆ ಆ ಎರಡು ಪ್ರಶ್ನೆಗಳಿಗೆ ಎರಡು ಸಾಲಾದರೂ ಇರಲಿ.

ಇನ್ನು ನಾನು ಕಲಿತ ಬಗೆ. ಭಾರತೀಯ ಭಾಷೆಗಳಲ್ಲಿ ಪ್ರಶ್ನೆ ಕೇಳಲು ಅವಕಾಶವಿರುವ ಒಂದು ಪ್ರೋಗ್ರಾಮರ್ ಸಮುದಾಯದಲ್ಲಿ ನಾನೂ ನನ್ನ ವಿದ್ಯಾರ್ಥಿಗಳೂ ಸದಸ್ಯರು. ಹರಿಹರದಿಂದ ಬರುವ ಹುಡುಗಿಯೊಬ್ಬಳು ಪಾಸ್‌ವರ್ಡ್ ಅನ್ನು ಹ್ಯಾಶ್ ಮಾಡಿ, ಅಂದರೆ ಮೂಲ ಪದ ತಿಳಿಯದಂತೆ ಬದಲಿಸಿ, ಉಳಿಸುವುದು ಹೇಗೆಂದು ಅಲ್ಲಿ ಕೇಳಿದಳು. ಒಂದೇ ಗಂಟೆಯಲ್ಲಿ ‘ಈಗಾಗಲೇ ಕೇಳಲಾಗಿದೆ, ಮೊದಲು ಹುಡುಕಿ’ ಎಂಬ ಟಿಪ್ಪಣಿಯೊಡನೆ ಪ್ರಶ್ನೆ ಮುಚ್ಚಿತು. ‘ಹುಡುಕಿಯೇ ಕೇಳಿದ್ದೆ, ಮೇಡಂ’ ಎಂದಳು. ಮುಖ ಬಾಡಿತ್ತು. ಅವಳ ಫೋನ್ ತೆಗೆದುಕೊಂಡು ನೋಡಿದೆ. ಅವಳ ಕೀಲಿಮಣೆ ‘ಪಾಸ್ವರ್ಡ್’ ಎಂದು ಬರೆಯುತ್ತಿತ್ತು. ಹಳೆಯ ಉತ್ತರದಲ್ಲಿ ಇದ್ದುದು ‘ಪಾಸ್‌ವರ್ಡ್’. ಓದುವವರಿಗೆ ಎರಡೂ ಒಂದೇ ಪದ, ಒತ್ತಕ್ಷರದಲ್ಲಿ ಮಾತ್ರ ವ್ಯತ್ಯಾಸ. ಕಂಪ್ಯೂಟರಿಗೆ ಅವು ಬೇರೆ ಬೇರೆ. ಎರಡನೆಯದರಲ್ಲಿ ಸ್ ಮತ್ತು ವ ನಡುವೆ ‘ಜೀರೋ ವಿಡ್ತ್ ನಾನ್ ಜಾಯ್ನರ್’ ಎಂಬ, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಅಗೋಚರ ಯೂನಿಕೋಡ್ ಸಂಕೇತವೊಂದು ಕುಳಿತಿರುತ್ತದೆ. ಮೊದಲನೆಯದರಲ್ಲಿ 9 ಸಂಕೇತಗಳು, ಎರಡನೆಯದರಲ್ಲಿ 10.

ಅಂದು ರಾತ್ರಿಯೇ ಸಿಟ್ಟಿನಲ್ಲಿ ಸಲಹೆ ಬರೆದೆ. ‘ಕನ್ನಡ ಹುಡುಕಾಟ ಸರಿಯಿಲ್ಲ, ದಯವಿಟ್ಟು ಸುಧಾರಿಸಿ, ಕನ್ನಡ ಕೀಲಿಮಣೆಯನ್ನೂ ತಾಣದಲ್ಲೇ ಕೊಡಿ.’ ಎರಡು ದಿನಗಳಲ್ಲಿ ‘ವಿವರ ಸಾಲದು’ ಎಂದು ಅದೂ ಮುಚ್ಚಿತು. ಆಗ ನೋವಾಯಿತು. ಈಗ ಅದನ್ನು ಓದಿದರೆ ಮುಚ್ಚಿದ್ದು ಸರಿಯೆಂದೇ ಅನ್ನಿಸುತ್ತದೆ. ಎರಡು ಬೇಡಿಕೆಗಳನ್ನು ಒಂದರಲ್ಲಿ ತುರುಕಿದ್ದೆ. ಆ ಹುಡುಗಿ ಎಲ್ಲಿ ನಿಂತಳೆಂದು ಒಂದು ಸಾಲೂ ಬರೆದಿರಲಿಲ್ಲ.

ಎರಡನೆಯದನ್ನು ಒಂದು ವಾರ ಕುಳಿತು ಬರೆದೆ. ಅದನ್ನು ಪೂರ್ತಿಯಾಗಿ ಕೊಡುತ್ತೇನೆ, ಏಕೆಂದರೆ ನಿಯಮಗಳಿಗಿಂತ ಇಂಥ ಒಂದು ಮಾದರಿ ಹೆಚ್ಚು ಕೆಲಸಕ್ಕೆ ಬರುತ್ತದೆ:

‘ಶೀರ್ಷಿಕೆ: ಹುಡುಕುವಾಗ ಪದದೊಳಗಿನ ಅಗೋಚರ ವಿಭಜಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲಿ.

ಒಬ್ಬ ವಿದ್ಯಾರ್ಥಿನಿ ಫೋನಿನಲ್ಲಿ “ಪಾಸ್ವರ್ಡ್” ಎಂದು ಹುಡುಕಿದಾಗ ಒಂದೂ ಫಲಿತಾಂಶ ಬರಲಿಲ್ಲ. ಇಲ್ಲೇ ಇರುವ ಉತ್ತರದಲ್ಲಿ ಪದ “ಪಾಸ್‌ವರ್ಡ್” ಎಂದಿದೆ. ಹಾಗಾಗಿ ಅವಳು ಮತ್ತೆ ಕೇಳಿದಳು, ಪ್ರಶ್ನೆ ಪುನರಾವರ್ತನೆ ಎಂದು ಮುಚ್ಚಿತು. ಎರಡೂ ಪದಗಳನ್ನು ಮೇಲಿನಿಂದ ನಕಲಿಸಿ ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿದರೆ ನಿಮಗೂ ಇದೇ ಕಾಣುತ್ತದೆ. ಸಾಫ್ಟ್‌ವೇರ್, ನೆಟ್‌ವರ್ಕ್, ಫ್ರೇಮ್‌ವರ್ಕ್ ಪದಗಳಿಗೂ ಹೀಗೇ ಆಗುತ್ತದೆ.

ಹುಡುಕಾಟದ ಸೂಚಿಯಲ್ಲಿಯೂ ಹುಡುಕುವ ಪದದಲ್ಲಿಯೂ ಈ ಸಂಕೇತವನ್ನು ಬಿಟ್ಟು ಹೋಲಿಸಿದರೆ ಸಾಕಾಗಬಹುದು. ಸದಸ್ಯರು ಬರೆದ ಮೂಲ ಪಠ್ಯದಿಂದ ಅದನ್ನು ತೆಗೆಯಬಾರದು; ತೆಗೆದರೆ ಪದದ ರೂಪ ಕೆಡುತ್ತದೆ, ಕೋಡ್‌ನೊಳಗಿನ ಪಠ್ಯ ಬದಲಾಗುತ್ತದೆ. ಪರ್ಷಿಯನ್ ಬರವಣಿಗೆಗೂ ಈ ಸಂಕೇತ ಬೇಕು. ಬರೆಯುವವರಿಗೆಲ್ಲ ಒಂದೇ ಕೀಲಿಮಣೆ ಬಳಸಿರೆಂದು ಹೇಳುವ ದಾರಿಯನ್ನೂ ಯೋಚಿಸಿದೆ. ಹಳೆಯ ಬರಹಗಳಿಗೆ ಅದರಿಂದ ಪ್ರಯೋಜನವಿಲ್ಲವಾದ್ದರಿಂದ ಕೈಬಿಟ್ಟೆ.’

ಈ ಮಾದರಿಯಲ್ಲಿ ಎರಡು ಅಂಶಗಳನ್ನು ನಿಮ್ಮ ಗಮನಕ್ಕೆ ತರಬೇಕು. ಒಂದು, ಉದಾಹರಣೆಯನ್ನು ಚಿತ್ರವಾಗಿ ಹಾಕದೆ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ತಾಣ ನಡೆಸುವವರಲ್ಲಿ ಕನ್ನಡ ಬಾರದವರೇ ಹೆಚ್ಚು. ಪದವನ್ನು ಓದಲಾಗದಿದ್ದರೂ ನಕಲಿಸಿ ಹಾಕಿ ತೊಡಕನ್ನು ತಾವೇ ನೋಡಲು ಅವರಿಗೆ ಸಾಧ್ಯವಾಗಬೇಕು. ಸ್ಕ್ರೀನ್‌ಶಾಟ್ ಹಾಕಿ, ಆದರೆ ಅದರ ಜೊತೆಗೆ ಪಠ್ಯವೂ ಇರಲಿ. ಎರಡು, ಏನು ಮಾಡಬಾರದು ಎಂಬುದನ್ನೂ ಬರೆದಿದ್ದೇನೆ. ನಿಮಗೆ ಅನುಕೂಲವಾಗುವ ಬದಲಾವಣೆ ಇನ್ಯಾರಿಗೋ ತೊಂದರೆಯಾದೀತು. ಅವರ ಪರವಾಗಿ ನೀವೇ ಯೋಚಿಸಿದ್ದೀರೆಂದು ಕಂಡಾಗ ಓದುವವರಿಗೆ ನಂಬಿಕೆ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕಾದ ಸಮುದಾಯವಾದರೆ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ತೊಡಕು ನಿಮ್ಮ ಭಾಷೆಯಲ್ಲಿ ನಿಖರವಾಗಿದ್ದರೆ ಸಾಧಾರಣ ಇಂಗ್ಲಿಷ್ ಸಾಕು.

ನಾಲ್ಕು ತಿಂಗಳ ನಂತರ ಹುಡುಕಾಟ ಬದಲಾಯಿತು. ಕೀಲಿಮಣೆಯ ಬೇಡಿಕೆಯನ್ನು ಆಮೇಲೆ ಬೇರೆಯಾಗಿ ಕಳಿಸಿದ್ದೆ. ಪ್ರತಿ ಭಾಷೆಗೂ ಕೀಲಿಮಣೆ ನೋಡಿಕೊಳ್ಳುವಷ್ಟು ಜನ ತಮ್ಮಲ್ಲಿಲ್ಲ ಎಂದು ನಿರಾಕರಿಸಿದರು. ಹುಡುಕಾಟ ಸರಿಯಾದ ಮೇಲೆ ಕೀಲಿಮಣೆಯ ಅಗತ್ಯವೂ ಉಳಿದಿರಲಿಲ್ಲ.

ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂದು ಬೇಸರಿಸುವವರಿಗೆ, ಪ್ರೋಗ್ರಾಮರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಕಥೆ ಹೇಳುತ್ತೇನೆ. 2016ರ ಜನವರಿಯಲ್ಲಿ ಮುಕ್ತ ತಂತ್ರಾಂಶ ಯೋಜನೆಗಳನ್ನು ನಡೆಸುವ ಅನೇಕರು ಸೇರಿ ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ದೋಷ ವರದಿ ಮಾಡುವವರು ಆವೃತ್ತಿಯ ಸಂಖ್ಯೆಯಂಥ ಅಗತ್ಯ ವಿವರಗಳನ್ನೇ ಕೊಡುವುದಿಲ್ಲ. ‘ನನಗೂ ಬೇಕು’ ಎನ್ನಲು ಬರೀ ‘+1’ ಎಂಬ ಟಿಪ್ಪಣಿಗಳು ಸುರಿಯುತ್ತವೆ, ಪ್ರತಿಯೊಂದಕ್ಕೂ ಎಲ್ಲರಿಗೂ ಇಮೇಲ್ ಹೋಗುತ್ತದೆ. ಇವು ಅವರ ತೊಡಕುಗಳು. ಮೊದಲನೆಯದಕ್ಕೆ ಭರ್ತಿ ಮಾಡಲೇಬೇಕಾದ ಅಂಕಣಗಳನ್ನು, ಎರಡನೆಯದಕ್ಕೆ ಮತದಾನದ ವ್ಯವಸ್ಥೆಯನ್ನು ಕೇಳಿದ್ದರು. ಫೆಬ್ರವರಿಯಲ್ಲಿ ಬಂದದ್ದು ವರದಿಯ ಮಾದರಿ ಪಠ್ಯ. ಮಾರ್ಚ್‌ನಲ್ಲಿ ಬಂದದ್ದು ಟಿಪ್ಪಣಿಗೆ ಹೆಬ್ಬೆರಳಿನ ಚಿಹ್ನೆ ಒತ್ತುವ ಅವಕಾಶ. ಕೇಳಿದ ರೂಪದಲ್ಲಿ ಎರಡೂ ಬರಲಿಲ್ಲ. ಆದರೂ ತೊಡಕನ್ನು ಅಷ್ಟು ಸ್ಪಷ್ಟವಾಗಿ ಬರೆದಿದ್ದರಿಂದ ಎರಡು ತಿಂಗಳೊಳಗೆ ಎರಡಕ್ಕೂ ಏನೋ ಒಂದು ದಾರಿ ಸಿಕ್ಕಿತು. ಇಂದು ನಾವು ಯಾರದೋ ಸಲಹೆಗೆ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೇವಲ್ಲ, ಅದರ ಹಿಂದೆ ಆ ಪತ್ರವಿದೆ.

ಬೆಂಬಲ ಸೇರಿಸುವ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ನನ್ನ ಎರಡನೆಯ ಸಲಹೆ ಹಾಕಿದ ಸಂಜೆ ಎಂಟೂ ಮಂದಿ ಉತ್ಸಾಹದಿಂದ ನಮ್ಮ ಮನೆಯ ವೈಫೈನಿಂದಲೇ ಹತ್ತು ನಿಮಿಷಗಳೊಳಗೆ ಮತ ಹಾಕಿಬಿಟ್ಟರು. ಮರುದಿನ ಎಲ್ಲ ಮತಗಳೂ ರದ್ದಾಗಿದ್ದವು. ನನಗೆ ಮೋಸದ ಬಗ್ಗೆ ವಿವರಣೆ ಕೇಳಿ ಸಂದೇಶ ಬಂದಿತ್ತು. ಇದ್ದದ್ದನ್ನು ಇದ್ದಂತೆ ಬರೆದು ಕ್ಷಮೆ ಕೇಳಿದೆ. ಗೆಳೆಯರಿಂದ ಮತ ಕೇಳಬೇಡಿ. ಅದೇ ತೊಡಕು ಅನುಭವಿಸಿದ ಒಬ್ಬರು ಬಂದು ‘ನನ್ನ ಫೋನಿನಲ್ಲಿ ನೆಟ್‌ವರ್ಕ್ ಪದಕ್ಕೆ ಹೀಗಾಯಿತು’ ಎಂದು ಬರೆದರೆ ಆ ಒಂದು ಟಿಪ್ಪಣಿ ಎಂಟು ಮತಗಳಿಗಿಂತ ತೂಕವುಳ್ಳದ್ದು.

ಕಾಯುವುದರ ಬಗ್ಗೆ ಹೆಚ್ಚು ಹೇಳಲಾರೆ. ಸ್ಟಾಕ್ ಓವರ್‌ಫ್ಲೋದ ಕಪ್ಪು ಹಿನ್ನೆಲೆಯನ್ನು ಸದಸ್ಯರು ವರ್ಷಗಳ ಕಾಲ ಕೇಳುತ್ತ ಬಂದರು. ಪ್ರಾಯೋಗಿಕವಾಗಿ ಅದು ಬಂದದ್ದು 2020ರ ಮಾರ್ಚ್‌ನಲ್ಲಿ. ವಾರಕ್ಕೊಮ್ಮೆ ‘ಏನಾಯಿತು?’ ಎಂದು ಕೇಳಬೇಡಿ. ಹೊಸ ಮಾಹಿತಿ ಸಿಕ್ಕಾಗ ಮಾತ್ರ ಹಳೆಯ ಬರಹಕ್ಕೆ ಸೇರಿಸಿ.

ಬದಲಾವಣೆ ಬಂದ ದಿನ ಮಾತ್ರ ತಡಮಾಡದೆ ಪರೀಕ್ಷಿಸಿ, ಅದೂ ತೊಡಕು ಕಂಡ ಅದೇ ಫೋನಿನಲ್ಲಿ, ಮತ್ತು ಫಲಿತಾಂಶವನ್ನು ಬರೆದು ತಿಳಿಸಿ. ಕೆಲಸ ಮಾಡಿದವರಿಗೆ ಅದು ಸಲ್ಲಬೇಕಾದ ಉತ್ತರ. ನಾವು ಹಾಗೆ ಪರೀಕ್ಷಿಸುವಾಗಲೇ ಇನ್ನೊಂದು ತೊಡಕು ಕಂಡಿತು. ‘ರ‍್ಯಾಂಡಮ್’ ಪದದ ರ ಅಕ್ಷರದ ಪಕ್ಕದಲ್ಲಿ ಬರುವುದು ವಿಭಜಕವಲ್ಲ, ‘ಜಾಯ್ನರ್’ ಎಂಬ ಇನ್ನೊಂದು ಅಗೋಚರ ಸಂಕೇತ. ಅದಿಲ್ಲದೆ ಬರೆದರೆ ಅರ್ಕಾವತ್ತು ಮೂಡಿ ‘ರ್ಯಾಂಡಮ್’ ಆಗುತ್ತದೆ, ಹುಡುಕಾಟ ಇನ್ನೂ ಸೋಲುತ್ತದೆ. ಅಲ್ಲದೆ ಒಂದೇ ಎಮೋಜಿಯಾಗಿ ಕಾಣುವ ಕುಟುಂಬದ ಚಿತ್ರಗಳೂ ಇದೇ ಸಂಕೇತದಿಂದ ಜೋಡಣೆಯಾಗಿರುತ್ತವೆ, ಆದ್ದರಿಂದ ಇಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಇದು ಬೇರೆಯದೇ ಸಲಹೆ, ಬೇರೆಯಾಗಿಯೇ ಹೋಗಬೇಕು.

ಅದನ್ನು ಹರಿಹರದ ಹುಡುಗಿ ಬರೆಯುತ್ತಿದ್ದಾಳೆ. ಕಳೆದ ಶನಿವಾರ ಕೋಣೆಯಲ್ಲಿದ್ದ ಎಂಟು ಫೋನ್‌ಗಳಲ್ಲಿಯೂ ಆ ಪದವನ್ನು ಬರೆಯಿಸಿ, ಯಾವ ಕೀಲಿಮಣೆ ಯಾವ ರೂಪ ಕೊಡುತ್ತದೆಂದು ಪಟ್ಟಿ ಮಾಡಿಕೊಂಡಳು. ಮೂರರಲ್ಲಿ ಅರ್ಕಾವತ್ತು ಬಂದಿತ್ತು. ಅವಳ ಕರಡಿನ ಮೊದಲ ಸಾಲು ಹೀಗಿದೆ: ‘ರ‍್ಯಾಂಡಮ್ ಸಂಖ್ಯೆ ತರುವ ಬಗೆ ಹುಡುಕುತ್ತಿದ್ದೆ, ಎಂಟರಲ್ಲಿ ಮೂರು ಫೋನ್‌ಗಳಿಗೆ ಒಂದೂ ಉತ್ತರ ಸಿಗಲಿಲ್ಲ.’