ಬಿಳಿ ಬಟ್ಟೆಗೆ ಬ್ಲೀಚ್ ಸುರಿಯೋ ಮುಂಚೆ

ಶನಿವಾರ ಬಂತು ಅಂದ್ರೆ ನಮ್ಮನೇಲಿ ಬಿಳಿ ಯೂನಿಫಾರ್ಮ್ ಗಲಾಟೆ. ಮಗ ಕೆಮ್ಮಣ್ಣಲ್ಲಿ ಹೊರಳಾಡ್ಕೊಂಡು ಬರ್ತಾನೆ, ನಾನು ಮೊದಮೊದ್ಲು ಅಂದಾಜಲ್ಲಿ ಬಕೆಟ್‌ಗೆ ಬ್ಲೀಚ್ ಸುರಿದು ರಾತ್ರಿಯೆಲ್ಲಾ ನೆನೆಹಾಕ್ತಿದ್ದೆ, ಬೆಳಿಗ್ಗೆ ನೋಡಿದ್ರೆ ಮಣ್ಣಿನ ಕಲೆ ಹಂಗೇ ಇರೋದು, ಬಟ್ಟೆ ಮಾತ್ರ ಜಾಳುಜಾಳು.

ಆಮೇಲೆ ಗೊತ್ತಾಗಿದ್ದು, ಬ್ಲೀಚ್ ಸೋಪಲ್ಲ. ಅದು ಕೊಳೆ ತೆಗೆಯಲ್ಲ, ಬಣ್ಣ ಕೆಡಿಸುತ್ತೆ ಅಷ್ಟೇ. ಕೆಮ್ಮಣ್ಣಿನ ಕೆಂಪು ಅಂದ್ರೆ ಕಬ್ಬಿಣದ ತುಕ್ಕಿನ ಜಾತಿ, ಅದರ ಮೇಲೆ ಬ್ಲೀಚ್ ಆಟ ನಡೆಯಲ್ಲ. ಮಣ್ಣು ಒಣಗಲಿ, ಬ್ರಷ್‌ನಲ್ಲಿ ಉದುರಿಸಿ, ಸೋಪ್ ಹಾಕಿ ಉಜ್ಜಿ. ಬೋರ್‌ವೆಲ್ ನೀರಲ್ಲಿ ಕಬ್ಬಿಣದಂಶ ಜಾಸ್ತಿ ಇದ್ರಂತೂ ಬ್ಲೀಚ್ ಹಾಕಿದ ಬಿಳಿ ಬಟ್ಟೆ ಇನ್ನೂ ಹಳದಿ ಆಗುತ್ತೆ. ಅರಿಶಿನ, ಟೀ, ಕಾಫಿ ಕಲೆಗಾದ್ರೆ ಬ್ಲೀಚ್ ಸರಿ. ಅರಿಶಿನದ ಕಲೆ ಸೋಪ್ ತಾಗಿದ ತಕ್ಷಣ ಕೆಂಪಗಾದ್ರೆ ಹೆದರ್ಬೇಡಿ, ಅದರ ಗುಣವೇ ಹಂಗೆ, ಅರ್ಧ ಕಲೆ ಬಿಸಿಲೇ ತಿನ್ನುತ್ತೆ.

ಮೊದ್ಲು ಬಟ್ಟೆ ಯಾವುದು ನೋಡಿ. ಅಂಗಡೀಲಿ ಸಿಗೋ ಲಿಕ್ವಿಡ್ ಬ್ಲೀಚಲ್ಲಿರೋದು ಸೋಡಿಯಂ ಹೈಪೋಕ್ಲೋರೈಟ್. ಬಿಳಿ ಕಾಟನ್ ಪಂಚೆ, ಬನೀನು, ಬೆಡ್‌ಶೀಟ್‌ಗೆ ಓಕೆ. ರೇಷ್ಮೆ, ಉಣ್ಣೆಗೆ ಬೇಡವೇ ಬೇಡ, ಅವು ಪ್ರೋಟೀನ್ ನಾರು, ಬ್ಲೀಚಲ್ಲಿ ಕರಗ್ತವೆ. ಜರಿ ಅಂಚಿನ ಪಂಚೆಗೂ ಬೇಡ, ಎಳೆದಾಡೋ ಲೆಗ್ಗಿಂಗ್ಸ್‌ಗೂ ಬೇಡ. ಬಟ್ಟೆ ಲೇಬಲ್ ಮೇಲೆ ಖಾಲಿ ತ್ರಿಕೋನ ಇದ್ರೆ ಬ್ಲೀಚ್ ಹಾಕಬಹುದು, ತ್ರಿಕೋನಕ್ಕೆ ಅಡ್ಡಗೆರೆ ಹೊಡೆದು ಕ್ರಾಸ್ ಮಾಡಿದ್ರೆ ಹಾಕಬಾರದು, ಒಳಗೆ ಎರಡು ಓರೆ ಗೆರೆ ಇದ್ರೆ ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚ್ ಪೌಡರ್ ಮಾತ್ರ. ಬಣ್ಣದ ಬಟ್ಟೆಗೂ ಈ ಪೌಡರೇ ವಾಸಿ, ಬಿಸಿ ನೀರಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಡೌಟ್ ಇದ್ರೆ ನೀರು ಬೆರೆಸಿದ ಬ್ಲೀಚ್ ಒಂದು ಹನಿ ಒಳಗಿನ ಹೊಲಿಗೆ ಮೇಲೆ ಬಿಟ್ಟು ಒಂದು ನಿಮಿಷ ಕಾಯಿರಿ, ಬಣ್ಣ ಕೆಟ್ರೆ ಆ ಬಟ್ಟೆಗೆ ಬ್ಲೀಚ್ ಬೇಡ.

ಈಗ ಕೆಲಸ. ಗ್ಲೌಸ್ ಹಾಕೊಳ್ಳಿ, ಬಚ್ಚಲ ಕಿಟಕಿ ತೆಗೀರಿ. ಮೊದ್ಲು ಸೋಪಲ್ಲಿ ಒಗೆದು ಜಾಲಿಸಿ. ಪ್ಲಾಸ್ಟಿಕ್ ಬಕೆಟ್‌ಗೆ ತಣ್ಣೀರು ಹಿಡಿದು, ಬಾಟ್ಲಿ ಮೇಲೆ ಬರೆದಿರೋ ಅಳತೆಗೇ ಬ್ಲೀಚ್ ಹಾಕಿ ಕಲಸಿ, ಆಮೇಲೆ ಬಟ್ಟೆ ಮುಳುಗಿಸಿ. ಒಣ ಬಟ್ಟೆ ಮೇಲೆ ಡೈರೆಕ್ಟ್ ಸುರಿದ್ರೆ ತೂತು ಗ್ಯಾರಂಟಿ. ಐದು ನಿಮಿಷ, ಹತ್ತು ನಿಮಿಷ ಸಾಕು, ಗಡಿಯಾರ ನೋಡಿ, ಸೀರಿಯಲ್ ನೋಡ್ಕೊಂಡು ಕೂತ್ಬಿಡ್ಬೇಡಿ. ವಾಸನೆ ಹೋಗೋವರೆಗೂ ಎರಡ್ಮೂರು ನೀರಲ್ಲಿ ಜಾಲಿಸಿ. ಲಿಕ್ವಿಡ್ ನೀಲಿ ಹಾಕೋರು ಇದಾದ್ಮೇಲೇ ಹಾಕಿ, ಇಲ್ದಿದ್ರೆ ನೀಲೀನೂ ಬ್ಲೀಚೇ ತಿಂದುಹಾಕುತ್ತೆ.

ಒಂದ್ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್, ಆಸಿಡ್, ವಿನೆಗರ್, ನಿಂಬೆರಸ ಯಾವುದೂ ಸೇರಬಾರದು, ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಬಾಗಿಲು ಹಾಕಿದ ಚಿಕ್ಕ ಬಚ್ಚಲಲ್ಲಿ ಅದು ತಮಾಷೆ ಅಲ್ಲ. ಅಮೋನಿಯಾ ಇರೋ ಕ್ಲೀನರೂ ಬೇಡ. ತುಕ್ಕಿನ ಕಲೆಗೆ ನಿಂಬೆರಸ ಉಪ್ಪು ಹಚ್ತೀವಲ್ಲ, ಅದನ್ನ ಬ್ಲೀಚ್ ಪೂರ್ತಿ ಹೋದ ಬಟ್ಟೆಗೆ ಮಾತ್ರ, ಇನ್ನೊಂದು ದಿನ ಮಾಡಿ. ಕಣ್ಣಿಗೆ ಸಿಡಿದ್ರೆ 15 ನಿಮಿಷ ನಲ್ಲಿ ನೀರು ಬಿಟ್ಟು ತೊಳೆದು ಡಾಕ್ಟ್ರ ಹತ್ರ ಹೋಗಿ. ಮಕ್ಕಳೇನಾದ್ರೂ ಕುಡಿದ್ರೆ ವಾಂತಿ ಮಾಡಿಸೋಕೆ ಹೋಗ್ಬೇಡಿ, ಬಾಟ್ಲಿ ಸಮೇತ ಸೀದಾ ಆಸ್ಪತ್ರೆ.

ಅದಕ್ಕೇ ಕೂಲ್‌ಡ್ರಿಂಕ್ಸ್ ಬಾಟ್ಲೀಲಿ ತುಂಬಿಡಬೇಡಿ. ತಂದಿದ್ದ ಬಾಟ್ಲೀಲೇ ಬಿಸಿಲು ಬೀಳದ ಕಡೆ ಮೇಲಿನ ಶೆಲ್ಫಲ್ಲಿ ಇಡಿ, ದಿನ ಕಳೆದ ಹಾಗೆ ಅದರ ಶಕ್ತಿ ಇಳೀತಾ ಹೋಗುತ್ತೆ, ಆಫರ್ ಇದೆ ಅಂತ ನಾಲ್ಕು ಬಾಟ್ಲಿ ತರೋದ್ರಲ್ಲಿ ಅರ್ಥ ಇಲ್ಲ.