ಹಳೆಯ ಪಾಪ್-ಅಪ್ ಕ್ಯಾಂಪರಿನ ಚಾವಣಿ ಮೇಲೇಳದಿದ್ದರೆ: ಮಿಷಿಗನ್ನಿಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಎರಡನೆಯ ಬೇಸಿಗೆಯ ಹೊತ್ತಿಗೆ ನಮ್ಮವರಲ್ಲಿ ಹಲವರಿಗೆ ಕ್ಯಾಂಪಿಂಗಿನ ಹುಚ್ಚು ಹಿಡಿಯುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ನೆಲದ ಮೇಲಿನ ಟೆಂಟಿನಲ್ಲಿ ಮಲಗಿಸಲು ಮನಸ್ಸು ಒಪ್ಪುವುದಿಲ್ಲ, ದೊಡ್ಡ ಟ್ರೇಲರ್ ಎಳೆಯುವ ತ್ರಾಣ ನಮ್ಮ ಕಾರಿಗೆ ಇರುವುದಿಲ್ಲ; ಹೀಗಾಗಿ ಕಣ್ಣು ಯಾರದೋ ಮನೆಯ ಹಿತ್ತಲಲ್ಲಿ ಮಾರಾಟಕ್ಕೆ ನಿಂತ ಹಳೆಯ ಪಾಪ್-ಅಪ್ ಕ್ಯಾಂಪರಿನ (ಚಾವಣಿ ಮೇಲೆತ್ತಿದರೆ ಟೆಂಟಿನ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುವ ಸಣ್ಣ ಟ್ರೇಲರ್) ಮೇಲೆ ಬೀಳುತ್ತದೆ. ಅದು ಒಳ್ಳೆಯ ಆಯ್ಕೆಯೇ. ಆದರೆ ಅದರ ಚಾವಣಿಯನ್ನು ಎತ್ತುವ ವಿಂಚ್ (ಹಿಡಿ ತಿರುಗಿಸಿ ಕೇಬಲ್ ಸುತ್ತುವ ಸಾಧನ) ಕೈಕೊಟ್ಟರೆ, ಬೀದಿಯ ತುದಿಯ ಗ್ಯಾರೇಜಿನಿಂದ ಹುಡುಗನನ್ನು ಕರೆತರುವ ಊರಿನ ಅನುಕೂಲ ಇಲ್ಲಿಲ್ಲ. ಆದ್ದರಿಂದ ಅದರ ಕೆಲಸವನ್ನು ನಾವೇ ಅರಿತಿರುವುದು ಲೇಸು.

ಹಿಡಿ ತಿರುಗಿಸಿದಾಗ ವಿಂಚಿನ ಡ್ರಮ್ಮಿಗೆ ಉಕ್ಕಿನ ಕೇಬಲ್ ಸುತ್ತಿಕೊಳ್ಳುತ್ತದೆ. ಆ ಒಂದೇ ಕೇಬಲ್ ನೆಲದಡಿಯಲ್ಲಿ ನಾಲ್ಕು ಮೂಲೆಗಳ ಕೇಬಲ್‌ಗಳನ್ನು ಒಟ್ಟಿಗೆ ಎಳೆಯುತ್ತದೆ, ಮೂಲೆಯ ಕಂಬಗಳು ಒಂದರೊಳಗಿಂದ ಒಂದು ಮೇಲೇಳುತ್ತವೆ. ಕೆಲವು ಮಾದರಿಗಳಲ್ಲಿ ಕಂಬದೊಳಗಿನ ಉದ್ದನೆಯ ಸ್ಪ್ರಿಂಗ್ ಅವುಗಳನ್ನು ಮೇಲಕ್ಕೆ ನೂಕುತ್ತದೆ. ಬಾವಿಯ ರಾಟೆಯ ಹಗ್ಗವನ್ನು ಕೈಬಿಟ್ಟರೆ ಕೊಡ ಕೆಳಗೆ ಬೀಳುವಂತೆ ಇಲ್ಲಿ ಚಾವಣಿ ಬೀಳದಿರುವುದು ವಿಂಚಿನ ಬ್ರೇಕಿನ ಕೃಪೆಯಿಂದ ಮಾತ್ರ. ಆದ್ದರಿಂದ ಯಾವುದೇ ತೊಂದರೆ ಕಂಡರೂ ಮೊದಲು ನಾಲ್ಕು ಮೂಲೆಗಳಲ್ಲಿ ಸರಿಯಾದ ಅಳತೆಗೆ ಕತ್ತರಿಸಿದ ಮರದ ಊರುಗೋಲುಗಳನ್ನು ಕೊಡಬೇಕು. ಅಲ್ಲಿಯವರೆಗೆ ಚಾವಣಿಯ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಬಾರದು.

ಹಿಡಿ ತೀರಾ ಬಿಗಿಯಾಗಿದ್ದರೆ ವಿಂಚನ್ನು ಬೈಯುವ ಮೊದಲು ಚಾವಣಿಯನ್ನು ಬಿಗಿದಿರುವ ಕೊಂಡಿಗಳೆಲ್ಲ ಬಿಚ್ಚಿವೆಯೇ ನೋಡಿರಿ. ಇದು ನಗು ತರಿಸಬಹುದು, ಆದರೆ ಒಂದು ಕೊಂಡಿಯನ್ನು ಮರೆತು ಬಲವಂತವಾಗಿ ತಿರುಗಿಸಿ ಕೇಬಲ್ ಹರಿದುಕೊಂಡವರು ನಮ್ಮ ಬಳಗದಲ್ಲೇ ಇದ್ದಾರೆ. ಚಾವಣಿಯ ಮೇಲೆ ಸೈಕಲ್ಲುಗಳಿದ್ದರೆ ಇಳಿಸಿರಿ, ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸಿರಿ. ಗಾಡಿ ಓರೆಯಾಗಿದ್ದರೆ ಕಂಬಗಳು ಒಂದಕ್ಕೊಂದು ಉಜ್ಜಿ ಸಿಕ್ಕಿಕೊಳ್ಳುತ್ತವೆ. ಒಣಗಿದ ಕಂಬಗಳಿಗೆ ಸಿಲಿಕೋನ್ ಸ್ಪ್ರೇ ಸಾಕು.

ಗ್ರೀಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ವಿಂಚಿನ ಹಲ್ಲುಚಕ್ರಗಳಿಗೆ ತೆಳುವಾಗಿ ಗ್ರೀಸ್ ಹಚ್ಚಬಹುದು, ಆದರೆ ಬ್ರೇಕಿನ ಬಿಲ್ಲೆಗಳಿಗೆ ಒಂದು ಹನಿ ಎಣ್ಣೆಯೂ ತಾಗಕೂಡದು. ಹಿಡಿಯು ಬ್ರೇಕಿನ ದಂಡದ ಮೇಲೆ ತಿರುಪಿನಂತೆ ಕೂತಿರುತ್ತದೆ. ಚಾವಣಿಯ ಭಾರ ಹಿಂದಕ್ಕೆ ಎಳೆದಷ್ಟೂ ಆ ತಿರುಪು ಬಿಗಿಯಾಗಿ ಬಿಲ್ಲೆಗಳನ್ನು ಒತ್ತಿ ಹಿಡಿಯುತ್ತದೆ. ಬಿಲ್ಲೆ ಜಾರಿದರೆ ರಾತ್ರಿ ಮಲಗಿದ್ದಾಗ ಚಾವಣಿ ಅಂಗುಲ ಅಂಗುಲವಾಗಿ ಇಳಿಯುತ್ತದೆ. ಭಾರದಿಂದಲೇ ಬಿಗಿಯಾಗುವ ಇಂಥ ಬ್ರೇಕ್, ಕೇಬಲ್ ಸಡಿಲವಾಗಿರುವಾಗ ಹಿಡಿಯುವುದೇ ಇಲ್ಲ ಎಂಬುದನ್ನೂ ನೆನಪಿಡಿರಿ.

ಇದನ್ನು ನಾನು ಲಡಿಂಗ್ಟನ್ ಸ್ಟೇಟ್ ಪಾರ್ಕಿನಲ್ಲಿ ಅಕ್ಟೋಬರಿನ ಒಂದು ಚಳಿಯ ಬೆಳಗ್ಗೆ ಕಲಿತೆ. ಚಾವಣಿ ಇಳಿಸುವಾಗ ಹಿಂದಿನ ಎಡ ಮೂಲೆಯ ಕಂಬ ಸಿಕ್ಕಿಕೊಂಡಿತ್ತು. ಹಿಡಿ ಹಗುರವಾದದ್ದನ್ನು ಗಮನಿಸದೆ ನಾನು ತಿರುಗಿಸುತ್ತಲೇ ಹೋದೆ. ಡ್ರಮ್ಮಿನ ಮೇಲೆ ಕೇಬಲ್ ಗುಬ್ಬಿಗೂಡಿನಂತೆ ಗೋಜಲಾಗಿತ್ತು. ಹೆಂಡತಿ ಮೂಲೆಯನ್ನು ಮೆಲ್ಲಗೆ ಅದುಮಿದೊಡನೆ ಅದು ದಡಕ್ಕನೆ ಅರ್ಧ ಅಡಿ ಕುಸಿಯಿತು, ಹಿಡಿ ಗಿರ್ರನೆ ತಿರುಗಿ ನನ್ನ ಬೆರಳಿನ ಗೆಣ್ಣುಗಳಿಗೆ ಬಡಿಯಿತು. ಇಳಿಸುವಾಗ ಹಿಡಿ ಹಗುರವಾಯಿತೆಂದರೆ ಅಲ್ಲಿಗೇ ನಿಲ್ಲಿಸಿ, ಕೇಬಲ್ ಬಿಗಿಯಾಗುವವರೆಗೆ ಹಿಂದಕ್ಕೆ ಸುತ್ತಿ, ಆಮೇಲೆ ಸಿಕ್ಕಿಕೊಂಡ ಮೂಲೆಯನ್ನು ಬಿಡಿಸಬೇಕು. ಟೆಂಟಿನ ಬಟ್ಟೆ ನಡುವೆ ಸಿಲುಕಿದೆಯೇ ಎಂಬುದನ್ನೂ ಆಗಲೇ ನೋಡಬೇಕು.

ಶಬ್ದಕ್ಕೆ ಕಿವಿಗೊಡುವುದು ಒಳ್ಳೆಯದು. ಬ್ರೇಕ್ ಇರುವ ವಿಂಚ್ ಚಾವಣಿ ಎತ್ತುವಾಗ ಟಿಕ್ ಟಿಕ್ ಎನ್ನುತ್ತದೆ, ಇಳಿಸುವಾಗ ಸುಮ್ಮನಿರುತ್ತದೆ. ಇಳಿಸುವಾಗ ಟಿಕ್ ಟಿಕ್ ಕೇಳಿಸಿದರೆ ಕೇಬಲ್ ಡ್ರಮ್ಮಿಗೆ ತಿರುವುಮುರುವಾಗಿ ಸುತ್ತಿಕೊಂಡಿದೆ ಎಂದರ್ಥ, ಅಂದರೆ ಬ್ರೇಕ್ ಇದ್ದೂ ಇಲ್ಲದಂತೆ. ಚಾವಣಿ ಪೂರ್ತಿ ಕೆಳಗೆ ಕೂತ ಮೇಲೂ ತಿರುಗಿಸುತ್ತಾ ಹೋದವರಿಗೆ ಹೀಗಾಗುತ್ತದೆ. ಇನ್ನೊಂದು ಬಗೆಯ, ತಿರುಪುಹಲ್ಲಿನ (ವರ್ಮ್ ಗೇರ್) ವಿಂಚಿಗೆ ಈ ಬ್ರೇಕಿನ ಗೊಡವೆಯಿಲ್ಲ; ಅದು ಕೈಬಿಟ್ಟಲ್ಲೇ ನಿಲ್ಲುತ್ತದೆ, ಆದರೆ ಎತ್ತಲು ಹೊತ್ತು ಹಿಡಿಯುತ್ತದೆ.

ಒಂದು ಮೂಲೆ ಮಾತ್ರ ತಗ್ಗಾಗಿ ನಿಂತರೆ ಅದರಲ್ಲಿ ವಿಂಚಿನ ತಪ್ಪಿಲ್ಲ: ಆ ಮೂಲೆಯ ಕೇಬಲ್ ಹಿಗ್ಗಿರಬಹುದು, ರಾಟೆಯಿಂದ ಜಾರಿರಬಹುದು, ಇಲ್ಲವೇ ಸ್ಪ್ರಿಂಗ್ ಮುರಿದಿರಬಹುದು. ಹಿಡಿ ಸುಮ್ಮನೆ ತಿರುಗಿ ಏನೂ ಏಳದಿದ್ದರೆ ಮುಖ್ಯ ಕೇಬಲ್ ಹರಿದಿದೆಯೇ ಎಂದು ಗಾಡಿಯ ಅಡಿಯಲ್ಲಿ ನೋಡಿರಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಸುರಿಯುವ ಉಪ್ಪು ಅಲ್ಲಿನ ಉಕ್ಕನ್ನೆಲ್ಲ ತಿನ್ನುತ್ತದೆ. ಕೇಬಲ್ಲನ್ನು ಬರಿಗೈಯಲ್ಲಿ ಸವರಬೇಡಿರಿ. ಹಳೆಯ ಬಟ್ಟೆಯೊಂದನ್ನು ಅದರ ಮೇಲೆ ಎಳೆದರೆ ಮುರಿದ ಎಳೆ ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದು ಎಳೆ ಮುರಿದಿದ್ದರೂ ಕೇಬಲ್ ಬದಲಿಸಿರಿ.

ವಿಂಚನ್ನೇ ಬದಲಿಸುವುದಾದರೆ ಚಾವಣಿಯನ್ನು ಪೂರ್ತಿ ಇಳಿಸಿ ಕೊಂಡಿ ಹಾಕಿದ ನಂತರವೇ ನಟ್ಟು ಬಿಚ್ಚಿರಿ. ಬಿಚ್ಚುವ ಮೊದಲು ಕೇಬಲ್ ಡ್ರಮ್ಮಿನ ಮೇಲಿನಿಂದ ಬರುತ್ತಿದೆಯೋ ಕೆಳಗಿನಿಂದ ಬರುತ್ತಿದೆಯೋ ಎಂಬುದು ಕಾಣುವಂತೆ ಫೋಟೋ ತೆಗೆದುಕೊಳ್ಳಿರಿ. ಹೊಸ ವಿಂಚಿನ ಭಾರಮಿತಿ ಹಳೆಯದಕ್ಕಿಂತ ಕಡಿಮೆಯಿರಬಾರದು, ಚಾವಣಿ ಕೆಳಗಿದ್ದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ 3 ಸುತ್ತು ಉಳಿದಿರಬೇಕು. ಇಂಥ ಗಾಡಿಗಳಲ್ಲಿ ಬಹಳಷ್ಟು ನೆರೆಯ ಇಂಡಿಯಾನಾದ ಎಲ್ಕ್‌ಹಾರ್ಟ್, ಗೋಶೆನ್ ಸುತ್ತಮುತ್ತ ತಯಾರಾದವು, ಆದ್ದರಿಂದ ಬಿಡಿಭಾಗಗಳಿಗೆ ಪರದಾಡಬೇಕಿಲ್ಲ.

ಇನ್ನೂ ಕೊಂಡಿಲ್ಲದವರು ನೋಡಲು ಹೋದಾಗ ಚಾವಣಿಯನ್ನು ಎರಡು ಸಲ ಪೂರ್ತಿ ಎತ್ತಿ ಇಳಿಸಿ ತೋರಿಸುವಂತೆ ಕೇಳಬೇಕು. ಅರ್ಧ ಎತ್ತರದಲ್ಲಿ ನಿಲ್ಲಿಸಿ, ಕಂಬದ ಮೇಲೆ ಪೆನ್ಸಿಲ್ ಗುರುತು ಹಾಕಿ, ಮಾತನಾಡುತ್ತಾ 10 ನಿಮಿಷ ಕಾಯಬೇಕು. ಗುರುತು ಸರಿದರೆ ಬ್ರೇಕ್ ಸವೆದಿದೆ. ವಿಂಚ್ ಮಾತ್ರ ಕೆಟ್ಟಿದ್ದರೆ ಚೌಕಾಸಿ ಮಾಡಿ ಕೊಳ್ಳಬಹುದು. ಆದರೆ ಕಂಬಗಳ ಬುಡದಲ್ಲಿ ನೆಲದ ಹಲಗೆ ಒತ್ತಿದರೆ ಮೆತ್ತಗಾಗುವಂತಿದ್ದಲ್ಲಿ, ಬೆಲೆ ಎಷ್ಟೇ ಇಳಿಸಿದರೂ ನಮಸ್ಕಾರ ಹೇಳಿ ಹೊರಟುಬಿಡಿರಿ.